ಬಾಯಿ ಬಾರದ ಬ್ಯಾರಿಸ್ಟರ್: ಗಾಂಧೀಜಿಯ ಸಭಾಕಂಪದ ಒಂದು ಪ್ರಕರಣ ಅಧ್ಯಯನ

ಸಭಾಕಂಪದ ಮಾತು ಬಂದ ಕಡೆ ಗಾಂಧೀಜಿಯ ಹೆಸರೂ ಬರುತ್ತದೆ. ಅಂಥವರಿಗೇ ಮೊದಮೊದಲು ನಾಲ್ಕು ಮಾತಾಡಲು ಬರುತ್ತಿರಲಿಲ್ಲವಂತೆ, ಆಮೇಲೆ ಇಡೀ ದೇಶವೇ ಅವರ ಮಾತು ಕೇಳಿತು ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಕಲಿಯಲು ಬಂದವರಿಗೆ ಬೇಕಾದದ್ದು ಇವೆರಡರ ನಡುವೆ ನಡೆದ ಸಂಗತಿ. ಅದು ಏಣಿ ಹತ್ತಿದ ಹಾಗೆ ಒಂದೇ ಸಮನೆ ಮೇಲಕ್ಕೆ ಹೋದದ್ದಲ್ಲ. ಅವರು ಗೆದ್ದ ಮೇಲೂ ಸೋತಿದ್ದಾರೆ, ಸೋತ ತಿಂಗಳೊಳಗೆ ಮತ್ತೆ ಗೆದ್ದಿದ್ದಾರೆ.

ಕಾಲೇಜಿನ ಮಕ್ಕಳಿಗೆ, ಸಂಘಸಂಸ್ಥೆಗಳ ಪದಾಧಿಕಾರಿಗಳಿಗೆ ಭಾಷಣ ಕಲಿಸುವ ಕೆಲಸ ನನ್ನದು. ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದಕ್ಕಿರುವ ದಾಖಲೆ. ಗಾಂಧೀಜಿ ತಮ್ಮ ಒಂದೊಂದು ಸೋಲನ್ನೂ ಊರು, ಸಭೆ, ಜೊತೆಗಿದ್ದವರ ಹೆಸರು ಸಮೇತ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಅದೇ ಸಭೆಗಳ ಬಗ್ಗೆ ಬೇರೆಯವರು ಬರೆದ ವರದಿಗಳೂ ಕೆಲವು ಕಡೆ ಉಳಿದಿವೆ. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದುವ ಅವಕಾಶ ಬೇರೆ ಭಾಷಣಕಾರರ ವಿಷಯದಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಹಿನ್ನೆಲೆ

ಶಾಲೆಯಲ್ಲಿದ್ದಾಗ ಗಂಟೆ ಹೊಡೆದ ಕೂಡಲೇ ಮನೆಗೆ ಓಡುತ್ತಿದ್ದ ಹುಡುಗ ಅವರು. ಯಾರಾದರೂ ಮಾತಿಗೆ ನಿಲ್ಲಿಸಿಕೊಂಡಾರು ಎಂಬ ಭಯ. 1888ರಲ್ಲಿ ವಿಲಾಯಿತಿಗೆ ಹೊರಟಾಗ ರಾಜಕೋಟೆಯ ಹೈಸ್ಕೂಲಿನವರು ಬೀಳ್ಕೊಡುಗೆ ಇಟ್ಟುಕೊಂಡರು. ವಂದನೆಯ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರೂ ಓದಲು ಎದ್ದಾಗ ತಲೆ ತಿರುಗಿತು, ಮೈಯೆಲ್ಲ ನಡುಗಿತು, ಮಾತು ತೊದಲಿತು.

ಹಡಗಿನಲ್ಲಿ ಜುನಾಗಢದ ವಕೀಲರಾದ ತ್ರ್ಯಂಬಕರಾಯ ಮಜಮುದಾರರು ಜೊತೆಗಿದ್ದರು. ವಕೀಲನಾಗುವವನಿಗೆ ನಾಲಿಗೆ ಉದ್ದ ಇರಬೇಕು, ಎಲ್ಲರ ಜೊತೆ ಮಾತಾಡು, ಇಂಗ್ಲಿಷ್ ತಪ್ಪಾದರೆ ಆಗಲಿ ಎಂದು ಅವರು ಬುದ್ಧಿ ಹೇಳಿದರು. ಹೇಳಿದ್ದರಲ್ಲಿ ತಪ್ಪೇನಿಲ್ಲ, ಆದರೆ ಹೆದರಿ ಕೂತವನಿಗೆ 'ಹೆದರಬೇಡ' ಎಂದರೆ ಎಷ್ಟು ನಾಟುತ್ತದೋ ಅಷ್ಟೇ ನಾಟಿತು.

ಲಂಡನ್ನಿಗೆ ಬಂದ ಹೊಸತರಲ್ಲಿ ಇಂಗ್ಲಿಷ್ ಸಂಭಾವಿತನಾಗುವ ಹುಮ್ಮಸ್ಸು ಹಿಡಿಯಿತು. ನೃತ್ಯ, ಪಿಟೀಲು, ಫ್ರೆಂಚ್ ಪಾಠಗಳ ಜೊತೆಗೆ ಭಾಷಣಕಲೆಯ ಪಾಠಕ್ಕೂ ಸೇರಿಕೊಂಡರು. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಒಂದು ಗಿನಿ ಮುಂಗಡ ಕೊಟ್ಟು, ಗುರುಗಳು ಹೇಳಿದ ಪಠ್ಯ ಕೊಂಡು, ಪಿಟ್ ಎಂಬ ಬ್ರಿಟಿಷ್ ಪ್ರಧಾನಿಯ ಭಾಷಣದಿಂದ ಅಭ್ಯಾಸ ಶುರು ಮಾಡಿದರು. ಎರಡು ಮೂರು ಪಾಠವಾದ ಮೇಲೆ, ನಾನೇನು ಇಂಗ್ಲೆಂಡಿನಲ್ಲಿ ಜೀವಮಾನ ಕಳೆಯಬೇಕೇ ಎಂಬ ಪ್ರಶ್ನೆ ಎದ್ದು ಎಲ್ಲವನ್ನೂ ಬಿಟ್ಟರು. ಪಿಟ್‌ನ ವಾಕ್ಯಗಳನ್ನು ಏರಿಳಿತದೊಂದಿಗೆ ಒಪ್ಪಿಸುವುದನ್ನು ಕಲಿತಿದ್ದರೂ ಮುಂದೆ ಬಂದ ಯಾವ ಸಭೆಯಲ್ಲೂ ಅದು ಅವರ ಕೈ ಹಿಡಿಯುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಲಂಡನ್ನಿನ ಸಭೆಗಳು

ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೆ ಅವರನ್ನು ಆರಿಸಿದ್ದರು. ತಪ್ಪದೆ ಹೋಗುತ್ತಿದ್ದರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಸಂಘದ ಡಾ. ಓಲ್ಡ್‌ಫೀಲ್ಡ್ ಒಮ್ಮೆ, ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತೀಯ, ಸಮಿತಿಯಲ್ಲಿ ಯಾಕೆ ತುಟಿ ಬಿಚ್ಚುವುದಿಲ್ಲ, ನೀನು ಗಂಡು ಜೇನು ಎಂದು ಛೇಡಿಸಿದರು. ಜೇನೆಲ್ಲ ದುಡಿಯುತ್ತಿದ್ದರೆ ಗಂಡು ಜೇನು ಸುಮ್ಮನೆ ಕೂತು ತಿನ್ನುತ್ತದಲ್ಲ, ಹಾಗೆ. ಓಲ್ಡ್‌ಫೀಲ್ಡ್ ತಮಾಷೆಗೆ ಅಂದ ಈ ಮಾತಿನಲ್ಲಿ ರೋಗಲಕ್ಷಣ ಸ್ಪಷ್ಟವಾಗಿದೆ. ಒಬ್ಬರ ಜೊತೆ ಬರುವ ಮಾತು ಹತ್ತು ಜನ ಮೇಜಿನ ಸುತ್ತ ಕೂತಾಗ ಬರುವುದಿಲ್ಲ. ಭಾಷೆ ಗೊತ್ತು, ವಿಷಯ ಗೊತ್ತು, ಅಭಿಪ್ರಾಯವೂ ಇದೆ.

ಅಭಿಪ್ರಾಯ ಇತ್ತು ಎನ್ನುವುದಕ್ಕೆ ಡಾ. ಆಲಿನ್‌ಸನ್ ಅವರ ಸಂಗತಿಯೇ ಸಾಕ್ಷಿ. ಆಲಿನ್‌ಸನ್ ಸಂತಾನ ನಿಯಂತ್ರಣದ ಪರವಾಗಿ ಪ್ರಚಾರ ಮಾಡುತ್ತಿದ್ದವರು. ಸಂಘದ ಅಧ್ಯಕ್ಷ ಹಿಲ್ಸ್ ಹಡಗು ಕಟ್ಟುವ ದೊಡ್ಡ ಕಾರ್ಖಾನೆಯ ಒಡೆಯ; ಸಂಘ ನಡೆಯುತ್ತಿದ್ದದ್ದೇ ಅವರ ಹಣದಿಂದ. ಆಲಿನ್‌ಸನ್ ಅವರನ್ನು ಸಂಘದಿಂದ ತೆಗೆಯಬೇಕೆಂದು ಹಿಲ್ಸ್ ಪಟ್ಟು ಹಿಡಿದರು. ಗಾಂಧೀಜಿಗೆ ಸಂತಾನ ನಿಯಂತ್ರಣ ಒಪ್ಪಿಗೆ ಇರಲಿಲ್ಲ. ಆದರೆ ಸಸ್ಯಾಹಾರದ ಸಂಘಕ್ಕೂ ಒಬ್ಬರ ನೀತಿಯ ನಿಲುವಿಗೂ ಸಂಬಂಧವಿಲ್ಲ, ಹೊರಹಾಕುವುದು ಅನ್ಯಾಯ ಎಂದು ಅನ್ನಿಸಿತು. ಇಪ್ಪತ್ತರ ಆಸುಪಾಸಿನ ಹುಡುಗ ಹಣ ಕೊಡುವ ಅಧ್ಯಕ್ಷರಿಗೆ ಎದುರಾಗಿ ತನ್ನ ವಾದವನ್ನು ಬರೆದುಕೊಂಡು ಹೋದ, ಆದರೆ ಅದನ್ನು ಓದುವ ಧೈರ್ಯ ಬರಲಿಲ್ಲ. ಅಧ್ಯಕ್ಷರು ಬೇರೊಬ್ಬರಿಂದ ಓದಿಸಿದರು. ಆಲಿನ್‌ಸನ್ ಪಕ್ಷ ಸೋತಿತು.

ಧೈರ್ಯ ಇಲ್ಲದ್ದರಿಂದ ಮಾತು ಬರಲಿಲ್ಲ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಇಲ್ಲಿ ಹಾಗಲ್ಲ. ನಿಲುವಿನ ಧೈರ್ಯ ಆಗಲೇ ಪೂರ್ತಿ ಇತ್ತು, ಗಂಟಲು ಮಾತ್ರ ಜೊತೆಗೂಡಲಿಲ್ಲ. ಕಲಿಸುವವರು ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. 'ಇವನಿಗೆ ಆತ್ಮವಿಶ್ವಾಸವೇ ಇಲ್ಲ' ಎಂದು ಹಣೆಪಟ್ಟಿ ಹಚ್ಚಿಸಿಕೊಂಡು ಬರುವ ಹುಡುಗರಲ್ಲಿ ಎಷ್ಟೋ ಮಂದಿಗೆ ಗಟ್ಟಿ ನಿಲುವುಗಳಿರುತ್ತವೆ.

ವೆಂಟ್ನರ್ ಎಂಬ ಕಡಲತೀರದ ಊರಿನಲ್ಲಿ ಸಸ್ಯಾಹಾರ ಪ್ರಚಾರದ ಸಭೆ. ಒಂದು ಹಾಳೆಗೆ ಮೀರದ ಭಾಷಣ ಬರೆದುಕೊಂಡು ಎದ್ದು ನಿಂತರು. ಕಣ್ಣು ಮಂಜಾಯಿತು, ಕೈಕಾಲು ನಡುಗಿತು. ಕೊನೆಗೆ ಮಜಮುದಾರರೇ ಹಾಳೆ ತೆಗೆದುಕೊಂಡು ಓದಿದರು. ಮಜಮುದಾರರ ಸ್ವಂತ ಭಾಷಣಕ್ಕೆ ಚಪ್ಪಾಳೆ ಬಿತ್ತು. ಗಾಂಧೀಜಿಗೆ ಅವಮಾನದಿಂದ ಕುಗ್ಗಿದಂತಾಯಿತು.

ಕೊನೆಯದು 1891ರ ಜೂನಿನಲ್ಲಿ, ಊರಿಗೆ ಹೊರಡುವ ಮುಂಚೆ ಹೋಬರ್ನ್ ರೆಸ್ಟೋರೆಂಟಿನಲ್ಲಿ ಗೆಳೆಯರಿಗೆ ಅವರೇ ಕೊಟ್ಟ ಔತಣ. ಈ ಸಲ ನಗೆಯಿಂದ ಶುರು ಮಾಡೋಣ ಎಂದುಕೊಂಡು, ಆಡಿಸನ್ ಎಂಬಾತ ಪಾರ್ಲಿಮೆಂಟಿನಲ್ಲಿ ಮಾತು ತೋಚದೆ ತಡವರಿಸಿದ ಹಳೆಯ ಕಥೆಯನ್ನು ನೆನಪಿಟ್ಟುಕೊಂಡು ಹೋಗಿದ್ದರು. ಮೊದಲ ವಾಕ್ಯ ದಾಟುವ ಹೊತ್ತಿಗೆ ನೆನಪು ಕೈಕೊಟ್ಟಿತು. ಬಂದದ್ದಕ್ಕೆ ವಂದನೆ ಎಂದಷ್ಟೇ ಹೇಳಿ ಕೂತುಬಿಟ್ಟೆ ಎಂದು ಬರೆದಿದ್ದಾರೆ.

ನಮ್ಮಲ್ಲೂ ಈ ಪದ್ಧತಿ ಇದೆ. ಒಂದು ವಚನದಿಂದ ಶುರು ಮಾಡಿ, ಇಲ್ಲವೇ ಜೋಕು ಹೇಳಿ ಎಂದು ಹೇಳಿಕೊಡುತ್ತಾರೆ. ಎರವಲು ತಂದ ಆರಂಭ ನೆನಪಿನ ಮೇಲೆ ನಿಂತಿರುತ್ತದೆ, ಗಾಬರಿಯಾದಾಗ ಮೊದಲು ಕೈಬಿಡುವುದು ನೆನಪೇ. ವಚನ ಮರೆತರೆ ಅದರ ಹಿಂದಿದ್ದ ಇಡೀ ಭಾಷಣವೂ ಹೋಗುತ್ತದೆ.

ಈ ಔತಣದ ವರದಿ ಸಸ್ಯಾಹಾರಿಗಳ ವಾರಪತ್ರಿಕೆಯಲ್ಲಿ ಬಂದಿದೆ. ಅದರಲ್ಲಿ ಒಂದೇ ವಾಕ್ಯ ಹೇಳಿ ಕೂತ ಸುದ್ದಿ ಇಲ್ಲ. ಗಾಂಧಿಯವರು ಸ್ವಲ್ಪ ಅಳುಕಿನಿಂದಲಾದರೂ ಸೊಗಸಾಗಿ ಮಾತಾಡಿ ಎಲ್ಲರನ್ನೂ ಸ್ವಾಗತಿಸಿದರು, ಇಂಗ್ಲೆಂಡಿನಲ್ಲಿ ಮಾಂಸ ಬಿಡುವವರು ಹೆಚ್ಚುತ್ತಿರುವುದಕ್ಕೆ ಸಂತೋಷಪಟ್ಟರು ಎಂದಿದೆ. ಅದಕ್ಕೂ ಮುಂಚೆ ಮೇ 2ರಂದು ಬ್ಲೂಮ್ಸ್‌ಬರಿಯ ಸಭೆಯಲ್ಲಿ ಭಾರತದ ಆಹಾರಗಳ ಬಗ್ಗೆ ಅವರು ಪ್ರಬಂಧವನ್ನೇ ಓದಿದ್ದರು. ಆ ವರದಿಯಲ್ಲೂ ಅಳುಕಿನ ಮಾತಿದೆ, ಆದರೆ ಓದಿ ಮುಗಿಸಿದ್ದಂತೂ ನಿಜ. ಆತ್ಮಕಥೆಯಲ್ಲಿ ಲಂಡನ್ನಿನದೆಲ್ಲ ಸೋಲೇ. ಸುಳ್ಳು ಹೇಳುವ ಮನುಷ್ಯ ಅವರಲ್ಲ, ಪತ್ರಿಕೆಯವರಿಗೂ ಸುಳ್ಳು ಬರೆಯುವ ಕಾರಣವಿರಲಿಲ್ಲ. ನಿಂತವನಿಗೆ ಒಳಗಿನ ನಡುಕ ಕಾಣುತ್ತದೆ, ಕೂತವರಿಗೆ ಅದರಲ್ಲಿ ಕಾಲುಭಾಗವೂ ಕಾಣುವುದಿಲ್ಲ. ವರ್ಷಗಳಾದ ಮೇಲೆ ನೆನಪಿನಲ್ಲಿ ಉಳಿಯುವುದು ನಡುಕ ಒಂದೇ. ಸಭಾಕಂಪ ಇರುವವರ ಮುಂದೆ ನಾನು ಮೊದಲು ಇಡುವುದು ಈ ಎರಡು ದಾಖಲೆಗಳನ್ನೇ.

ಮಾಮಿಬಾಯಿಯ ಮೊಕದ್ದಮೆ

ಬ್ಯಾರಿಸ್ಟರ್ ಆಗಿ ಬಂದು ಮುಂಬಯಿಯಲ್ಲಿ ಸಣ್ಣ ಪುಟ್ಟ ವ್ಯಾಜ್ಯಗಳನ್ನು ನೋಡುವ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸು ಹಿಡಿದರು. ಫೀಸು 30 ರೂಪಾಯಿ. ಪ್ರತಿವಾದಿ ಮಾಮಿಬಾಯಿಯ ಪರವಾಗಿ ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ಗಿರ್ರೆಂದಿತು, ಕೋರ್ಟೇ ಸುತ್ತಿದ ಹಾಗಾಯಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಪಟೇಲ್ ಎಂಬ ವಕೀಲರನ್ನು ಹಿಡಿಯಿರಿ ಎಂದು ಹೇಳಿ ಫೀಸು ವಾಪಸು ಕೊಟ್ಟರು. ಪಟೇಲರು 51 ರೂಪಾಯಿ ತೆಗೆದುಕೊಂಡು ಆ ಕೇಸನ್ನು ಲೀಲಾಜಾಲವಾಗಿ ಮುಗಿಸಿದರು.

ಪ್ರಿಟೋರಿಯಾ, 1893

ಇಲ್ಲಿಂದ ದಿಕ್ಕು ಬದಲಾಯಿತು. ನಡುವೆ ಯಾವ ತರಬೇತಿಯೂ ಇರಲಿಲ್ಲ.

ದಾದಾ ಅಬ್ದುಲ್ಲಾ ಎಂಬ ಭಾರತೀಯ ವ್ಯಾಪಾರಿಯ ವ್ಯಾಜ್ಯದ ಕೆಲಸಕ್ಕೆಂದು ದಕ್ಷಿಣ ಆಫ್ರಿಕಾಕ್ಕೆ ಹೋದರು. ಡರ್ಬನ್ನಿನಿಂದ ಪ್ರಿಟೋರಿಯಾಕ್ಕೆ ಹೋಗುವ ದಾರಿಯಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ರೈಲಿನಿಂದ ಹೊರದೂಡಿದ್ದು ಎಲ್ಲರಿಗೂ ಗೊತ್ತು. ಮುಂದೆ ಕುದುರೆಗಾಡಿಯಲ್ಲಿ ಏಟು ತಿಂದರು, ಜೋಹಾನ್ಸ್‌ಬರ್ಗಿನ ಹೋಟೆಲಿನಲ್ಲಿ ಕೋಣೆ ಇಲ್ಲ ಎನ್ನಿಸಿಕೊಂಡರು. ಪ್ರಿಟೋರಿಯಾ ಸೇರಿದ ಸ್ವಲ್ಪ ದಿನಕ್ಕೆ ಊರಿನ ಭಾರತೀಯರನ್ನೆಲ್ಲ ಸೇರಿಸಲು ಹೊರಟರು. ಹೋದಲ್ಲೆಲ್ಲ ಮೂಲೆ ಹುಡುಕುತ್ತಿದ್ದವರು ಮೊದಲ ಬಾರಿಗೆ ತಾವೇ ಒಂದು ಸಭೆ ಕರೆದರು.

ಸೇಠ್ ಹಾಜಿ ಮಹಮ್ಮದ್ ಹಾಜಿ ಜೂಸಬ್ ಅವರ ಮನೆಯಲ್ಲಿ ಸಭೆ. ಬಂದವರಲ್ಲಿ ಹೆಚ್ಚಿನವರು ಮೇಮನ್ ಎಂಬ ಮುಸ್ಲಿಂ ಪಂಗಡದ ವ್ಯಾಪಾರಿಗಳು. ವಿಷಯ ವ್ಯಾಪಾರದಲ್ಲಿ ಸತ್ಯ. ವ್ಯವಹಾರವೇ ಬೇರೆ, ಧರ್ಮವೇ ಬೇರೆ, ಅಂಗಡಿಯಲ್ಲಿ ಸತ್ಯ ನಡೆಯುವುದಿಲ್ಲ ಎಂದು ವ್ಯಾಪಾರಿಗಳು ಹೇಳುತ್ತಿದ್ದದ್ದನ್ನು ಅವರು ಮೊದಲೇ ಕೇಳಿಸಿಕೊಂಡಿದ್ದರು. ಅದನ್ನೇ ಎತ್ತಿಕೊಂಡರು. ಪರದೇಶದಲ್ಲಿ ಒಬ್ಬ ಭಾರತೀಯನ ನಡತೆಯಿಂದ ಕೋಟ್ಯಂತರ ಜನರ ಅಳತೆ ಆಗುತ್ತದೆ, ಹಾಗಾಗಿ ಇಲ್ಲಿ ಸತ್ಯದ ಜವಾಬ್ದಾರಿ ದೊಡ್ಡದು ಎಂದರು. ಮನೆ ಬೀದಿಗಳ ಕೊಳಕಿನ ಬಗ್ಗೆಯೂ ಮುಲಾಜಿಲ್ಲದೆ ಹೇಳಿದರು. ಒಂದು ಸಂಘ ಕಟ್ಟೋಣ, ನನ್ನ ಕೈಲಾದಷ್ಟು ಸಮಯ ಕೊಡುತ್ತೇನೆ ಎಂದು ಮುಗಿಸಿದರು. ಕೇಳಿದವರ ಮನಸ್ಸಿಗೆ ತಾಗಿತು ಎಂಬುದು ಅವರಿಗೇ ಗೊತ್ತಾಯಿತು.

ಇದನ್ನು ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣ ಎನ್ನಬಹುದು ಎಂದು ಬರೆದಿದ್ದಾರೆ. ಬ್ಲೂಮ್ಸ್‌ಬರಿಯ ಪ್ರಬಂಧ ಲೆಕ್ಕಕ್ಕೇ ಬಂದಿಲ್ಲ. ಅದನ್ನು ಓದಿದ್ದರು ನಿಜ, ಆದರೆ ಕೇಳುಗರಿಂದ ಏನನ್ನೂ ಬಯಸಿರಲಿಲ್ಲ. ಪ್ರಿಟೋರಿಯಾದಲ್ಲಿ ಎದುರಿಗಿದ್ದವರು ಒಂದು ಕೆಲಸ ಮಾಡಬೇಕಿತ್ತು, ಆ ಕೆಲಸದಲ್ಲಿ ತಾವೂ ಒಬ್ಬರಾಗಬೇಕಿತ್ತು. 'ನಾನು ಹೇಗೆ ಕಾಣುತ್ತಿದ್ದೇನೆ' ಎಂಬ ಚಿಂತೆಗೆ ಅಲ್ಲಿ ಹೆಚ್ಚು ಜಾಗ ಇರಲಿಲ್ಲ ಎಂದೇ ನನ್ನ ತಿಳಿವಳಿಕೆ.

ಸಭೆ ಮುಗಿದ ಮೇಲೆ ನಡೆದದ್ದು ಇನ್ನೂ ಮುಖ್ಯ. ಬಂದವರಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆ. ಕಲಿಯುವವರಿದ್ದರೆ ಕಲಿಸುತ್ತೇನೆ ಎಂದರು. ಮೂವರು ಮುಂದೆ ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವ. ಅವರಿಗೆ ಬಿಡುವಾದಾಗ ಅವರಿರುವಲ್ಲಿಗೇ ಹೋಗಿ ಕಲಿಸಿದರು. ಪಾಠ ಸುಮಾರು ಎಂಟು ತಿಂಗಳು ನಡೆಯಿತು. ಇಬ್ಬರು ಲೆಕ್ಕ, ಕಾಗದಪತ್ರ ಬರೆಯುವಷ್ಟು ಕಲಿತರು, ಕ್ಷೌರಿಕನಿಗೆ ಗಿರಾಕಿಗಳ ಜೊತೆ ಮಾತಾಡುವಷ್ಟು ಸಾಕಾಗಿತ್ತು. ಸಭೆಗಳೂ ನಿಯಮಿತವಾಗಿ ನಡೆದವು. ಪ್ರಿಟೋರಿಯಾದಲ್ಲಿ ತಮಗೆ ಪರಿಚಯವಿಲ್ಲದ ಭಾರತೀಯನೇ ಇಲ್ಲ ಎನ್ನುವಂತಾಯಿತು.

ಈ ಅಂಗಡಿಯ ಪಾಠಗಳೇ ಅವರ ನಿಜವಾದ ಭಾಷಣ ತರಬೇತಿ ಎಂದು ನಾನು ಹೇಳುತ್ತೇನೆ. ಒಬ್ಬರ ಮುಂದೆ ಬರುತ್ತಿದ್ದ ಮಾತು ಹತ್ತು ಜನರ ಮುಂದೆ ಬರುತ್ತಿರಲಿಲ್ಲವಲ್ಲ, ಈಗ ಆ ಹತ್ತು ಜನರಲ್ಲಿ ಒಬ್ಬೊಬ್ಬರೂ ಮೊದಲೇ ಪರಿಚಿತರು. ಮುಂದಿನ ಸಭೆಯಲ್ಲಿ ಎದ್ದು ನಿಂತಾಗ ಎದುರಿಗೆ ಕಾಣುವುದು ಗುಂಪಲ್ಲ, ಕ್ಷೌರಿಕ, ಗುಮಾಸ್ತ, ಅಂಗಡಿಯವ.

ಮುಂಬಯಿ, ಮದ್ರಾಸು: ಒಂದು ತಿಂಗಳು

ಮರುವರ್ಷ ಡರ್ಬನ್ ಇರುವ ನೇಟಾಲ್ ಸೀಮೆಯಲ್ಲಿ ಅರ್ಜಿ, ಸಹಿ ಸಂಗ್ರಹ, 1894ರ ಆಗಸ್ಟಿನಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪನೆ. ಮಾತು ಪಳಗಿತ್ತು. 1896ರಲ್ಲಿ ದಕ್ಷಿಣ ಆಫ್ರಿಕಾದ ಭಾರತೀಯರ ಕಷ್ಟವನ್ನು ಸ್ವದೇಶಕ್ಕೆ ತಿಳಿಸಲು ಬಂದರು. ಸೆಪ್ಟೆಂಬರ್ 26ಕ್ಕೆ ಮುಂಬಯಿಯಲ್ಲಿ ಸಭೆ, ಕಾಂಗ್ರೆಸ್ಸಿನ ಹಿರಿಯ ನಾಯಕ ಫಿರೋಜ್‌ಶಾ ಮೆಹತಾ ಅಧ್ಯಕ್ಷರು, ಸಭಾಂಗಣ ಕಿಕ್ಕಿರಿದಿತ್ತು.

ಸಭೆಗೆಂದು ಅವರು ರಾಜಕೋಟೆಯಿಂದ ಹೊರಟದ್ದು ಅಕ್ಕನ ಗಂಡ ತೀರಿಕೊಂಡ ದಿನವೇ. ಹಗಲು ರಾತ್ರಿ ಶುಶ್ರೂಷೆ ಮಾಡಿ ಮೈ ದಣಿದಿತ್ತು, ಗಂಟಲು ಕಟ್ಟಿತ್ತು. ಬರೆಯದೆಯೇ ಮಾತಾಡುವ ಯೋಚನೆ ಅವರದು. ಮೆಹತಾ ಒಪ್ಪಲಿಲ್ಲ. ಮುಂಬಯಿಯಲ್ಲಿ ವರದಿ ಸರಿಯಾಗಿ ಬರುವುದಿಲ್ಲ, ಬೆಳಗಾಗುವುದರೊಳಗೆ ಭಾಷಣ ಅಚ್ಚಾಗಬೇಕು ಎಂದರು. ರಾತ್ರಿ ಹನ್ನೊಂದಕ್ಕೆ ಹಸ್ತಪ್ರತಿ ಕೊಂಡೊಯ್ಯಲು ಆಳು ಬಂದ.

ಮರುದಿನ ಓದಲು ಶುರು ಮಾಡಿದಾಗ ಮೈ ನಡುಗಿತು. ಮೈಕಿಲ್ಲದ ಕಾಲ, ದನಿ ಮುಂದಿನ ಕೆಲವು ಸಾಲು ದಾಟಲಿಲ್ಲ. ಮೆಹತಾ ಪಕ್ಕದಿಂದ 'ಇನ್ನೂ ಜೋರಾಗಿ, ಇನ್ನೂ ಜೋರಾಗಿ' ಎಂದು ಹುರಿದುಂಬಿಸಿದರು. ಅವರು ಹೇಳಿದಷ್ಟೂ ನನ್ನ ದನಿ ಇಳಿಯುತ್ತಲೇ ಹೋಯಿತು ಎಂದು ಗಾಂಧೀಜಿ ಬರೆಯುತ್ತಾರೆ. ಗೆಳೆಯ ಕೇಶವರಾವ್ ದೇಶಪಾಂಡೆ ಕೈಗೆತ್ತಿಕೊಂಡರೂ ಜನ ಸುಮ್ಮನಾಗಲಿಲ್ಲ, 'ವಾಚಾ, ವಾಚಾ' ಎಂದು ಕೂಗಿದರು. ಕಾಂಗ್ರೆಸ್ ನಾಯಕ ದಿನ್‌ಶಾ ವಾಚಾ ಎದ್ದು ಅದೇ ಭಾಷಣ ಓದಿದಾಗ ಸಭೆ ನಿಶ್ಶಬ್ದವಾಗಿ ಕೇಳಿತು, ಬೇಕಾದ ಕಡೆ ಚಪ್ಪಾಳೆ, ಬೇಕಾದ ಕಡೆ ಧಿಕ್ಕಾರ.

ಅಂದರೆ ಭಾಷಣದಲ್ಲಿ ಕೊರತೆ ಇರಲಿಲ್ಲ. ಪಕ್ಕದಲ್ಲಿ ನಿಂತು 'ಜೋರಾಗಿ' ಎನ್ನುವ ಅಭ್ಯಾಸ ನಮ್ಮ ಶಾಲೆಗಳ ಮೇಷ್ಟ್ರುಗಳಲ್ಲೂ ಇದೆ. ಹಾಗೆಂದ ಕೂಡಲೇ ಮಗುವಿನ ಗಮನ ಹೇಳುವ ಮಾತಿನಿಂದ ತನ್ನ ಗಂಟಲಿಗೆ ಹೊರಳುತ್ತದೆ, ಗಂಟಲು ಇನ್ನಷ್ಟು ಬಿಗಿಯುತ್ತದೆ. ಮೆಹತಾ ಅಂಥವರು ಪ್ರೀತಿಯಿಂದ ಹೇಳಿದಾಗಲೇ ಇದು ಹೀಗಾಯಿತು. ಸಾವು ಕಂಡು ಬಂದ ದಣಿವು, ರಾತ್ರೋರಾತ್ರಿ ಬರೆದ ಪಠ್ಯ, ಅಪರಿಚಿತ ಜನಸಾಗರ ಇವೆಲ್ಲ ಸೇರಿದಾಗ ಪ್ರಿಟೋರಿಯಾದಲ್ಲಿ ಗಳಿಸಿದ್ದು ಕೆಲಸಕ್ಕೆ ಬರಲಿಲ್ಲ.

ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 26ಕ್ಕೆ ಮದ್ರಾಸಿನ ಪಚ್ಚಯ್ಯಪ್ಪ ಸಭಾಂಗಣ. ಈ ಸಲವೂ ಅಚ್ಚಾದ ಭಾಷಣ, ಅವರ ಮಟ್ಟಿಗೆ ಉದ್ದವೇ. ಜನ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿದರು, ಊರೇ ಉತ್ಸಾಹದಿಂದ ಹುಚ್ಚೆದ್ದಿತ್ತು. ಬಾಲಸುಂದರಂ ಎಂಬ ತಮಿಳು ಕೂಲಿಯಾಳು ಡರ್ಬನ್ನಿನಲ್ಲಿ ಧಣಿಯಿಂದ ಏಟು ತಿಂದು, ಮುಂದಿನ ಎರಡು ಹಲ್ಲು ಮುರಿದು, ರಕ್ತ ಸುರಿಯುತ್ತ, ರುಮಾಲು ಕೈಯಲ್ಲಿ ಹಿಡಿದು ಗಾಂಧೀಜಿಯ ಕಚೇರಿಗೆ ಬಂದಿದ್ದ. ಅವನನ್ನು ಆ ಧಣಿಯಿಂದ ಬಿಡಿಸಿ ಬೇರೆ ಕಡೆ ಸೇರಿಸಿದ್ದು ಇವರೇ. ಆ ಸುದ್ದಿ ಮದ್ರಾಸಿಗೆ ಮೊದಲೇ ಮುಟ್ಟಿತ್ತು. ಅಲ್ಲಿ ಕೂತವರಿಗೆ ಬಾಲಸುಂದರಂ ತಮ್ಮವನು. ಮಾತಾಡುವವನು ಒಂದೇ ತಿಂಗಳಲ್ಲಿ ಬದಲಾಗಿರಲಿಲ್ಲ, ಕೇಳುವವರಿಗೂ ವಿಷಯಕ್ಕೂ ಇದ್ದ ನಂಟು ಬೇರೆಯಾಗಿತ್ತು, ಅಷ್ಟೆ.

ಆಮೇಲೆ

1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ದಕ್ಷಿಣ ಆಫ್ರಿಕಾದ ಗೊತ್ತುವಳಿ ಮಂಡಿಸಲು ಐದು ನಿಮಿಷ ಸಿಕ್ಕಿತು. ದಕ್ಷಿಣ ಆಫ್ರಿಕಾದಲ್ಲಿ ಗಳಿಸಿದ್ದ ಮಾತಿನ ಸರಾಗತೆ ಆ ಹೊತ್ತಿಗೆ ನನ್ನನ್ನು ಬಿಟ್ಟುಹೋದಂತಿತ್ತು ಎಂದು ಅವರೇ ಹೇಳುತ್ತಾರೆ. ಅಧ್ಯಕ್ಷ ವಾಚಾ ಗಂಟೆ ಬಾರಿಸಿದರು. ಇನ್ನೆರಡು ನಿಮಿಷ ಇದೆ ಎಂಬ ಸೂಚನೆ ಅದು ಎಂದು ತಿಳಿಯದೆ, ಮನಸ್ಸಿಗೆ ನೋವಾಗಿ ಕೂತುಬಿಟ್ಟರು. ಗೊತ್ತುವಳಿಯೇನೋ ಪಾಸಾಯಿತು.

1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಭಾರತೀಯರು ತುಂಬಿದ್ದರು. ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕೆಂಬ ಕಾನೂನಿನ ವಿರುದ್ಧ ಸಭೆ. ಮಾತಿನ ನಡುವೆ ಸೇಠ್ ಹಾಜಿ ಹಬೀಬರು, ದೇವರ ಮೇಲೆ ಆಣೆ ಇಟ್ಟು ಈ ನಿರ್ಣಯ ಮಾಡೋಣ ಎಂದರು. ಗಾಂಧೀಜಿ ಬೆಚ್ಚಿದರು. ಆಣೆಯ ಯೋಚನೆ ಅವರ ಸಿದ್ಧತೆಯಲ್ಲಿ ಇರಲಿಲ್ಲ. ತಕ್ಷಣ ಎದ್ದು ಆಣೆ ಎಂದರೇನು ಎಂದು ವಿವರಿಸಿದರು. ಜೈಲು, ಹಸಿವು, ಏಟು, ಸಾವೂ ಬರಬಹುದು. ಪಕ್ಕದವರನ್ನು ನೋಡಿ ಕೈ ಎತ್ತಬೇಡಿ, ಉಳಿದವರೆಲ್ಲ ಹಿಂದೆ ಸರಿದರೂ ನಾನೊಬ್ಬ ನಿಲ್ಲುತ್ತೇನೆ ಎನ್ನುವವನು ಮಾತ್ರ ಆಣೆ ಮಾಡಲಿ ಎಂದರು. ಸಭೆ ಎದ್ದು ನಿಂತು ಆಣೆ ಮಾಡಿತು. ಮುಂದೆ ಸತ್ಯಾಗ್ರಹ ಎಂದು ಹೆಸರು ಪಡೆದದ್ದರ ಹುಟ್ಟು ಇಲ್ಲಿದೆ.

ಸಿದ್ಧತೆ ಇಲ್ಲದೆ ಮಾತಾಡುವುದು ನನ್ನಿಂದ ಆಗದು ಎಂದು ಆತ್ಮಕಥೆಯಲ್ಲಿ ಬರೆದುಕೊಂಡವರ ಬಾಳಿನ ಬಹು ದೊಡ್ಡ ಭಾಷಣವೊಂದು ಹೀಗೆ ನಿಂತ ಜಾಗದಲ್ಲೇ ಹುಟ್ಟಿತು. ಆ ಸಭೆಯ ಮಟ್ಟಿಗೆ ಸಿದ್ಧತೆ ಇರಲಿಲ್ಲ ನಿಜ. ಆಣೆಯ ವಿಷಯದಲ್ಲಿ, ವಿಲಾಯಿತಿಗೆ ಹೊರಡುವಾಗ ತಾಯಿಗೆ ಮಾಡಿದ ಪ್ರತಿಜ್ಞೆಯಿಂದ ಹಿಡಿದು, ಹದಿನೆಂಟು ವರ್ಷಗಳ ಸಿದ್ಧತೆ ಇತ್ತು.

ಅಳುಕು ಪೂರ್ತಿ ಹೋಯಿತೇ? ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅದನ್ನು ಮೀರಿದೆ, ಆದರೆ ಪೂರಾ ಕಳೆದುಕೊಳ್ಳಲಿಲ್ಲ, ಅಪರಿಚಿತ ಸಭೆಯ ಮುಂದೆ ಹಿಂಜರಿಯುತ್ತಿದ್ದೆ, ಸಾಧ್ಯವಾದಾಗ ಭಾಷಣ ತಪ್ಪಿಸುತ್ತಿದ್ದೆ ಎಂದಿದ್ದಾರೆ. ಅದನ್ನು ಬರೆಯುವ ಹೊತ್ತಿಗೆ 1924ರ ಬೆಳಗಾವಿ ಅಧಿವೇಶನದ ಅಧ್ಯಕ್ಷತೆಯೂ ಮುಗಿದಿತ್ತು. ಮಾತಿನ ಹಿಂಜರಿಕೆಯೇ ತಮಗೆ ಮಿತವಾಗಿ ಮಾತಾಡುವುದನ್ನು ಕಲಿಸಿತು ಎಂದೂ ಸೇರಿಸಿದ್ದಾರೆ. ದೊಡ್ಡ ದನಿ, ಕೈ ಬೀಸುವುದು, ಏರಿಳಿತ ಯಾವುದೂ ಅವರಿಗೆ ಕೊನೆಯವರೆಗೂ ಬರಲಿಲ್ಲ, ಅವರು ಬಯಸಲೂ ಇಲ್ಲ.

ಈ ಪ್ರಕರಣ ಓದಿದ ಮೇಲೆ ನನ್ನ ತರಗತಿಯ ಕ್ರಮ ಬದಲಾಗಿದೆ. ಮೊದಲ ವಾರಗಳಲ್ಲಿ ವೇದಿಕೆ ಇಲ್ಲ, 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಎಂಬ ಬಾಯಿಪಾಠವೂ ಇಲ್ಲ. ಯಾರಿಗೆ, ಏನಾಗಬೇಕೆಂದು ಹೇಳಲಿಕ್ಕಿದೆ ಎಂದು ಒಬ್ಬೊಬ್ಬರನ್ನೂ ಕೇಳುತ್ತೇನೆ. ಹಾಸ್ಟೆಲಿನ ನೀರಿನ ಬಗ್ಗೆ ವಾರ್ಡನ್ನರ ಜೊತೆ, ಬಸ್ಸಿನ ವೇಳೆಯ ಬಗ್ಗೆ ಡಿಪೋ ಮ್ಯಾನೇಜರರ ಜೊತೆ ಮಾತಾಡಿ ಬರಬೇಕು. ಸಭೆಯಲ್ಲಿ ಮಾತಾಡುವವರು ಅರ್ಧ ಗಂಟೆ ಮುಂಚೆ ಹೋಗಿ, ಬಂದವರಲ್ಲಿ ನಾಲ್ಕಾರು ಜನರ ಪರಿಚಯ ಮಾಡಿಕೊಳ್ಳಬೇಕು. ಭಾಷಣದ ಕೊನೆಗೆ, ತಾವೇ ಮಾಡಲು ಸಿದ್ಧವಿರುವ ಒಂದು ಕೆಲಸ ಹೇಳಬೇಕು, ಮರುದಿನ ಅದನ್ನು ಶುರು ಮಾಡಬೇಕು. ದನಿ ಸಾಲದವರಿಗೆ ಮೈಕು ಹತ್ತಿರ ಎಳೆದು ಕೊಡುತ್ತೇನೆ. 'ಜೋರಾಗಿ' ಎನ್ನುವುದನ್ನು ನಿಲ್ಲಿಸಿದ್ದೇನೆ.